ಮೀನಿಗೆ ರೆಪ್ಪೆಯಿಲ್ಲ

ಮುಂಬಯಿಯ ಮರೀನ್ ಡ್ರೈವ್‌ನಲ್ಲಿ, ಚರ್ನಿ ರೋಡ್ ನಿಲ್ದಾಣಕ್ಕೆ ಹತ್ತಿರ, ಸಮುದ್ರಕ್ಕೆ ಮುಖಮಾಡಿ ಕಟ್ಟಿದ ಕಟ್ಟಡ ತಾರಾಪೋರ್‌ವಾಲಾ ಮತ್ಸ್ಯಾಲಯವಾಗಿತ್ತು. 1951ರಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಇದನ್ನು ಉದ್ಘಾಟಿಸಿದರು. ಹಲವು ತಲೆಮಾರಿನ ಮುಂಬಯಿ ಮಕ್ಕಳು ಮೊದಲ ಬಾರಿ ಮೀನನ್ನು ಗಾಜಿನಾಚೆ ನೋಡಿದ್ದು ಇಲ್ಲಿಯೇ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಮಬ್ಬು. ನೋಡುವವರು ಕತ್ತಲಲ್ಲಿ, ಮೀನು ಬೆಳಕಲ್ಲಿ. ಈ ಏರ್ಪಾಡು ಮುಂಬಯಿಯಲ್ಲಿ ಹುಟ್ಟಿದ್ದಲ್ಲ. ಅದರ ಹಿಂದೆ ನೂರು ವರ್ಷಗಳ ತಪ್ಪು–ಒಪ್ಪುಗಳಿವೆ.

1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯ ಸಾರ್ವಜನಿಕರಿಗಾಗಿ ಒಂದು ಮೀನುಮನೆ ತೆರೆಯಿತು. ಅದು ಕಬ್ಬಿಣ ಮತ್ತು ಗಾಜಿನ ಕಟ್ಟಡ, ಗಿಡ ಬೆಳೆಸುವ ಗಾಜಿನ ಮನೆಯಂಥದ್ದು. ತೊಟ್ಟಿಗಳೂ ಗಾಜಿನವೇ. ಹೀಗೆ ಎಲ್ಲ ಕಡೆಯಿಂದ ಬೆಳಕು ಬಿದ್ದರೆ ನೀರು ಕಾಯುತ್ತದೆ, ಪಾಚಿ ಕಟ್ಟಿ ಹಸಿರಾಗುತ್ತದೆ, ಮೀನಿಗೆ ಅಡಗಲು ಜಾಗವಿರುವುದಿಲ್ಲ. ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಇದಕ್ಕೊಂದು ಸರಳ ಪರಿಹಾರ ಕಂಡುಕೊಂಡರು: ತೊಟ್ಟಿಯ ಹಿಂಬದಿಯನ್ನೂ ಪಕ್ಕಗಳನ್ನೂ ಮರೆಮಾಡಿ, ಬೆಳಕನ್ನು ಮೇಲಿನಿಂದ ಮಾತ್ರ ಬಿಡುವುದು. ಹೊಳೆಯಲ್ಲಿ ಬೆಳಕು ಬರುವುದೂ ಹಾಗೆಯೇ ಅಲ್ಲವೇ? ವಿಲಿಯಂ ಆಲ್ಫರ್ಡ್ ಲಾಯ್ಡ್ ಈ ತತ್ವವನ್ನು 1864ರಲ್ಲಿ ಹ್ಯಾಂಬರ್ಗ್‌ನಲ್ಲಿಯೂ 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿಯೂ ದೊಡ್ಡ ಪ್ರಮಾಣದಲ್ಲಿ ಬಳಸಿದರು. ಮೀನಿನ ಹಿತಕ್ಕೆಂದು ಮಾಡಿದ್ದು ನೋಡುವವರಿಗೂ ಒಳ್ಳೆಯ ನೋಟವಾಯಿತು.

ವಿದ್ಯುತ್ ಬಂದ ಮೇಲೆ ಈ ಸಮತೋಲ ತಪ್ಪಿತು. ಅದುವರೆಗೆ ಸಂಜೆಯಾದರೆ ತೊಟ್ಟಿಗೂ ಸಂಜೆಯೇ. 1938ರಲ್ಲಿ ಮಾರುಕಟ್ಟೆಗೆ ಬಂದ ಟ್ಯೂಬ್‌ಲೈಟ್ ಮುಂದೆ ಮನೆಯ ಅಕ್ವೇರಿಯಂ ಮುಚ್ಚಳದೊಳಗೂ ಸೇರಿತು. 2015ರಲ್ಲಿ ನವೀಕರಣಗೊಂಡು ತೆರೆದ ತಾರಾಪೋರ್‌ವಾಲಾದ ತೊಟ್ಟಿಗಳಿಗೆ ಎಲ್‌ಇಡಿ ದೀಪಗಳು ಬಂದವು. ಕಡಿಮೆ ಖರ್ಚು, ಹೆಚ್ಚು ಬೆಳಕು. ಅಂಧೇರಿಯದೋ ಡೊಂಬಿವಲಿಯದೋ ಫ್ಲ್ಯಾಟಿನಲ್ಲಿ, ಕೆಲಸ ಮುಗಿಸಿ ಲೋಕಲ್ ಟ್ರೈನಿನಲ್ಲಿ ಮನೆಗೆ ಬಂದವರು ರಾತ್ರಿ ಹತ್ತಕ್ಕೆ ಸ್ವಿಚ್ ಒತ್ತುತ್ತಾರೆ. ಮೀನು ಒಮ್ಮೆಲೇ ಚಿಮ್ಮಿ ಗಾಜಿಗೆ ಬಡಿಯುತ್ತದೆ.

ಕಾರಣ ಅದರ ಕಣ್ಣಿನಲ್ಲಿದೆ. ನಾವು ಅಕ್ವೇರಿಯಂನಲ್ಲಿ ಸಾಕುವ ಮೀನುಗಳಿಗೆ ರೆಪ್ಪೆಯಿಲ್ಲ. ಹೆಚ್ಚಿನವುಗಳ ಪಾಪೆ ನಮ್ಮದರಂತೆ ಕುಗ್ಗುವುದೂ ಇಲ್ಲ. ಬದಲಿಗೆ ಅಕ್ಷಿಪಟಲದ ಕೋಶಗಳು, ಅವುಗಳ ಸುತ್ತಲಿನ ಕಪ್ಪು ವರ್ಣಕಣಗಳು ಜಾಗ ಬದಲಿಸಿ ಬೆಳಕಿಗೆ ಹೊಂದಿಕೊಳ್ಳುತ್ತವೆ. ಅದು ಕ್ಷಣದಲ್ಲಿ ಆಗುವ ಕೆಲಸವಲ್ಲ, ಹತ್ತಾರು ನಿಮಿಷ ಬೇಕು. ಅಲ್ಲಿಯವರೆಗೆ ಮೀನಿಗಿರುವ ದಾರಿ ಒಂದೇ, ಓಡುವುದು. ದಿನವೂ ಹೀಗಾದರೆ ಅದು ಮೂಲೆ ಸೇರುತ್ತದೆ, ಬಣ್ಣ ಮಂಕಾಗುತ್ತದೆ, ಆಹಾರ ಬಿಡುತ್ತದೆ. ಅಂಥದ್ದನ್ನು ‘ನಾಚಿಕೆಯ ಮೀನು’ ಎಂದು ಕರೆದುಬಿಡುತ್ತೇವೆ.

ನಮ್ಮದೇ ಪಶ್ಚಿಮ ಘಟ್ಟದ ಡೆನಿಸನ್ ಬಾರ್ಬ್ ಇಂಥ ಬೆದರುವ ಮೀನು. ಮೈಯುದ್ದಕ್ಕೆ ಕಪ್ಪು ಪಟ್ಟಿ, ಅದರ ಮೇಲೆ ಕೆಂಪು ಗೆರೆ. 1865ರಲ್ಲಿ ಫ್ರಾನ್ಸಿಸ್ ಡೇ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಕೇರಳದ ಹೊಳೆಗಳಲ್ಲಿಯೂ, ಕೊಡಗಿನಲ್ಲಿ ಹುಟ್ಟಿ ಸುಳ್ಯದ ಮೂಲಕ ಕಾಸರಗೋಡಿಗೆ ಇಳಿಯುವ ಪಯಸ್ವಿನಿ–ಚಂದ್ರಗಿರಿಯಲ್ಲಿಯೂ ಇದರ ನೆಲೆಯಿದೆ. ಬಂಡೆಗಳ ನಡುವಿನ ಮಡುಗಳು, ದಡದಲ್ಲಿ ಬಾಗಿದ ಮರಗಳು, ಎಲೆಗಳ ಸಂದಿನಿಂದ ಇಳಿದ ಚೂರು ಬಿಸಿಲು: ಇದು ಅದಕ್ಕೆ ಗೊತ್ತಿರುವ ಬೆಳಕು. 1997ರಲ್ಲಿ ಸಿಂಗಪುರದ ಅಕ್ವಾರಾಮಾ ಪ್ರದರ್ಶನದಲ್ಲಿ ಬಹುಮಾನ ಗಳಿಸಿದ ಮೇಲೆ ಜಗತ್ತಿನೆಲ್ಲೆಡೆ ಬೇಡಿಕೆ ಏರಿತು, ಹೊಳೆಗಳಿಂದ ಹಿಡಿಯುವುದೂ ಏರಿತು. 2008ರಲ್ಲಿ ಕೇರಳ ಸರ್ಕಾರ ಹಿಡಿಯುವುದಕ್ಕೆ ನಿರ್ಬಂಧ ಹಾಕಿತು. ಇಂದು ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅದು ಅಪಾಯದಂಚಿನ ಜೀವಿ. ಹೊಳೆಯಿಂದ ತಂದ ಇಂಥ ಒಂದು ಮೀನು ದೀಪದ ಬೆದರಿಕೆಗೆ ಸತ್ತರೆ ಅಂಗಡಿಯಲ್ಲಿ ಇನ್ನೊಂದು ಸಿಗಬಹುದು, ಹೊಳೆಯಲ್ಲಿ ಒಂದು ಕಡಿಮೆಯಾಗಿರುತ್ತದೆ.

ಹಾಗಾದರೆ ಎಂಥ ದೀಪ? ಪ್ರಖರತೆ ತಗ್ಗಿಸಬಹುದಾದ ಎಲ್‌ಇಡಿ ಸಾಕು. ದಿನಕ್ಕೆ ಆರರಿಂದ ಎಂಟು ಗಂಟೆ, ಟೈಮರ್ ಹಾಕಿ ದಿನವೂ ಒಂದೇ ಹೊತ್ತಿಗೆ. ಮೊದಲು ಕೋಣೆಯ ದೀಪ, ಸ್ವಲ್ಪ ಹೊತ್ತಿನ ಮೇಲೆ ತೊಟ್ಟಿಯದು. ಆರಿಸುವಾಗ ಮೊದಲು ತೊಟ್ಟಿಯದು, ಆಮೇಲೆ ಕೋಣೆಯದು. ನೀರ ಮೇಲೆ ತೇಲುವ ಗಿಡಗಳು, ತಳದಲ್ಲಿ ಕಪ್ಪು ಮರಳು, ಹಿಂಬದಿಗೆ ಕಪ್ಪು ಹಾಳೆ. ನೇರ ಬಿಸಿಲು ಬೀಳುವ ಕಿಟಕಿಯ ಪಕ್ಕ ತೊಟ್ಟಿ ಬೇಡ. ವಾರಿಂಗ್ಟನ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ.

ಇಷ್ಟು ಮಾಡಿದ ಮೊದಲ ದಿನ ತೊಟ್ಟಿ ಖಾಲಿಯಿದ್ದಂತೆ ಕಾಣಬಹುದು. ಕೆಲವು ದಿನ ಕಳೆದ ಮೇಲೆ, ಗಿಡದ ನೆರಳಿನಿಂದ ಮೊದಲು ಒಂದು ಮೂತಿ ಹೊರಬರುತ್ತದೆ. ಆ ಹೊತ್ತಿಗೆ ದೀಪ ಹೆಚ್ಚಿಸದೆ ಸುಮ್ಮನೆ ಕೂತಿದ್ದರೆ ಸಾಕು.