ರೊಕ್ಕ, ಉದ್ರಿ ಮತ್ತು ಪತ್ತು

ಹಣಕ್ಕೆ ಕನ್ನಡದಲ್ಲಿ ಮಾತುಗಳು ಹಲವು. ಅವುಗಳಲ್ಲಿ ಹೆಚ್ಚಿನವು ಯಾವುದೋ ಒಂದು ಕಾಲದ ನಾಣ್ಯದ ಹೆಸರುಗಳೇ. 'ಹಣ' ಎಂಬುದು ಪುಟ್ಟದೊಂದು ಚಿನ್ನದ ನಾಣ್ಯ, 'ದುಡ್ಡು' ತಾಮ್ರದ್ದು, 'ಕಾಸು' ಅದಕ್ಕಿಂತಲೂ ಸಣ್ಣದು. ನಾಣ್ಯಗಳು ಹೋದವು, ಹೆಸರುಗಳು ಉಳಿದವು. ಆದರೆ ಬೆಳಗಾವಿ ಸೀಮೆಯವರ ಬಾಯಲ್ಲಿ ದಿನಬೆಳಗೂ ಓಡಾಡುವ 'ರೊಕ್ಕ' ಈ ಪಂಕ್ತಿಗೆ ಸೇರಿದ್ದಲ್ಲ. ರೊಕ್ಕವೆಂಬ ನಾಣ್ಯವನ್ನು ಯಾವ ಅರಸನೂ ಅಚ್ಚು ಹಾಕಿಸಲಿಲ್ಲ. ಸಂಸ್ಕೃತದ 'ರೋಕ', ಮರಾಠಿಯ 'ರೋಖ', ಹಿಂದಿಯ 'ರೋಕಡ್' ಇವು ಅದರ ಬಂಧುಗಳು. 1894ರಲ್ಲಿ ಅಚ್ಚಾದ ಕಿಟ್ಟೆಲ್ಲರ ನಿಘಂಟು ಕೈಯಲ್ಲಿ ಸಿದ್ಧವಾಗಿರುವ ಹಣವೆಂದೇ ಅದಕ್ಕೆ ಅರ್ಥ ಹೇಳುತ್ತದೆ. ಕೊಂಡ ಸ್ಥಳದಲ್ಲೇ ಎಣಿಸಿಕೊಟ್ಟು ಮುಗಿಸುವ ವ್ಯವಹಾರದ ರೀತಿಗೆ ಇದ್ದ ಹೆಸರು ಅದು. ಅದರ ಎದುರಿಗೆ ನಿಂತ ಮಾತು 'ಉದ್ರಿ'.

ಕೈಗೆ ಕೈ ಕೊಡುವುದಕ್ಕೆ ಪ್ರತ್ಯೇಕವಾದ ಒಂದು ಹೆಸರೇ ಬೇಕಾಯಿತೆಂದರೆ, ಆ ರೀತಿ ಎಲ್ಲರದೂ ಆಗಿರಲಿಲ್ಲವೆಂದೇ ನಾನು ತಿಳಿಯುತ್ತೇನೆ. ಹಳ್ಳಿಯ ಒಕ್ಕಲಿಗನಿಗೆ ದಿನನಿತ್ಯದ ಬಾಳಿನಲ್ಲಿ ನಾಣ್ಯದ ಕೆಲಸ ಅಷ್ಟಾಗಿ ಇರಲಿಲ್ಲ. ಬಡಿಗ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕ ಇವರಿಗೆಲ್ಲ ಸುಗ್ಗಿಯ ಕಾಲಕ್ಕೆ ಕಣದಲ್ಲಿ ಕಾಳಿನ ಆಯ ಸಲ್ಲುತ್ತಿತ್ತು. ಉಳಿದ ಅಗತ್ಯಗಳಿಗೆ ಸಾಹುಕಾರನ ಖಾತೆ ಇತ್ತು. ಬೆಳೆ ಬಂದ ಮೇಲೆ ಲೆಕ್ಕ.

1818ರಲ್ಲಿ ಬೆಳಗಾವಿಯ ಕೋಟೆ ಇಂಗ್ಲಿಷರ ವಶವಾಯಿತು. ಮುಂದೆ 1956ರವರೆಗೂ ಈ ನಾಡು ಮುಂಬಯಿ ಆಡಳಿತಕ್ಕೆ ಸೇರಿತ್ತು. ಆ ಸರಕಾರಕ್ಕೆ ಬೇಕಾದದ್ದು ಕಾಳಲ್ಲ, ಬೆಳ್ಳಿಯ ರೂಪಾಯಿ. ಕಂದಾಯದ ಕಂತಿಗೆ ರೈತ ರೊಕ್ಕ ತರಬೇಕು; ರೊಕ್ಕ ಇದ್ದದ್ದು ಸಾಹುಕಾರನಲ್ಲಿ. ಹೀಗೆ, ನಾಣ್ಯದ ಆಳ್ವಿಕೆ ಬಂದದ್ದರಿಂದಲೇ ಸಾಲದ ಪುಸ್ತಕಗಳು ದಪ್ಪವಾದವು ಎಂಬುದು ವಿಚಿತ್ರವಾದರೂ ದಿಟ. ಆ ಪುಸ್ತಕದಲ್ಲಿ ಏನು ಬರೆದಿದೆಯೆಂಬುದು ಬರೆದವನಿಗೆ ಮಾತ್ರ ಗೊತ್ತು. 1875ರ ಮೇ ತಿಂಗಳಲ್ಲಿ ಅದೇ ಪ್ರಾಂತದ ಪುಣೆ ಜಿಲ್ಲೆಯ ಸುಪೆ ಎಂಬ ಸಂತೆಯೂರಿನಲ್ಲಿ ದಂಗೆಯೆದ್ದ ರೈತರು ಹುಡುಕಿ ಸುಟ್ಟದ್ದು ಮುಖ್ಯವಾಗಿ ಸಾಲಪತ್ರಗಳನ್ನು, ಲೆಕ್ಕದ ಪುಸ್ತಕಗಳನ್ನು. ಅದರ ಫಲವಾಗಿ ಬಂದ 1879ರ ಕಾಯಿದೆ, ಸಾಲ ತೀರಿಸಿದ ರೈತನಿಗೆ ಲಿಖಿತ ರಸೀದಿಯನ್ನೂ ಕೇಳಿದಾಗ ಲೆಕ್ಕದ ವಿವರವನ್ನೂ ಕೊಡಬೇಕೆಂದು ಸಾಹುಕಾರನಿಗೆ ವಿಧಿಸಿತು. ರೊಕ್ಕ ಎಣಿಸಿಕೊಟ್ಟು ಬಂದವನ ಹೆಸರು ಯಾವ ಪುಸ್ತಕದಲ್ಲಿಯೂ ಉಳಿಯುವುದಿಲ್ಲ. ಅದರ ಬೆಲೆ ಎಷ್ಟೆಂಬುದು ಆ ರೈತರಿಗೆ ಗೊತ್ತಿತ್ತು.

ಪೇಟೆಯ ಬಾಳಿನಲ್ಲಿ ಈ ಮಾತು ತಿರುಗಾಮುರುಗಾ ಆಗುತ್ತದೆ. ತಿಂಗಳ ಪಗಾರದ ಗುಮಾಸ್ತನೋ ಶಾಲೆಯ ಮಾಸ್ತರನೋ ಕಿರಾಣಿ ಅಂಗಡಿಯಲ್ಲಿ ಉದ್ರಿ ಪುಸ್ತಕ ಇಟ್ಟಿರುತ್ತಿದ್ದ. ಮಕ್ಕಳು ಹೋಗಿ ಸಕ್ಕರೆ ಚಹಾಪುಡಿ ಬರೆಸಿಕೊಂಡು ತರುತ್ತಿದ್ದರು. ಇದಕ್ಕೆ ಬೇಕಾದದ್ದು 'ಪತ್ತು'. ಊರೂರಿನ ಪತ್ತಿನ ಸಹಕಾರಿ ಸಂಘಗಳ ಫಲಕಗಳಲ್ಲಿ ಇಂದಿಗೂ ಇರುವ ಈ ಪದಕ್ಕೆ ಸಾಲವೆಂಬ ಅರ್ಥವೂ ಉಂಟು, ಮರ್ಯಾದೆಯೆಂಬ ಅರ್ಥವೂ ಉಂಟು. ಹಮಾಲಿ ಮಾಡುವವನಿಗೆ ಪತ್ತು ಇಲ್ಲ. ಅವನು ಸಂಜೆಯ ಕೂಲಿಯಿಂದ ಒಂದಾಣೆಯ ಬೆಲ್ಲವನ್ನೂ ಚಟಾಕು ಎಣ್ಣೆಯನ್ನೂ ರೊಕ್ಕ ಕೊಟ್ಟೇ ಒಯ್ಯಬೇಕು. 'ಇಂದು ರೋಖ, ನಾಳೆ ಉದ್ರಿ' ಎಂಬ ಫಲಕ, ಅದರ ಮಗ್ಗುಲಲ್ಲೇ 'ಆಜ್ ರೋಖ್, ಉದ್ಯಾ ಉಧಾರ್' ಎಂಬ ಮರಾಠಿಯ ಜೋಡಿ, ತೂಗುತ್ತಿದ್ದದ್ದು ಇಂಥವನಿಗಾಗಿ. ಪತ್ತು ಇದ್ದವರಿಗೆ ಆ 'ನಾಳೆ' ದಿನವೂ ಬರುತ್ತಿತ್ತು! 1928ರಲ್ಲಿ ಉಡುಪಿಯ ಬ್ಯಾಂಕೊಂದು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು, ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಕೂಡಿಸುವ 'ಪಿಗ್ಮಿ' ಠೇವಣಿಯನ್ನು ತೆಗೆದಾಗ ದಿನಗೂಲಿಯವನಿಗೂ ಒಂದು ಖಾತೆ ದೊರೆಯಿತು. ಉದ್ರಿಯ ಪುಸ್ತಕದಲ್ಲಲ್ಲ, ಜಮೆಯ ಪುಸ್ತಕದಲ್ಲಿ.

1980ರಲ್ಲಿ ಸೆಂಟ್ರಲ್ ಬ್ಯಾಂಕ್ ಕ್ರೆಡಿಟ್ ಕಾರ್ಡನ್ನು ತಂದಿತು. ಇದೂ ಪತ್ತು ಇದ್ದವರ ಉದ್ರಿ ಪುಸ್ತಕವೇ; ಬರೆಯುವವನು ಮಾತ್ರ ಅಂಗಡಿಕಾರನಲ್ಲ, ಬ್ಯಾಂಕು. ಬರೆದ ಕೂಲಿಯನ್ನು ಅದು ಅಂಗಡಿಕಾರನಿಂದಲೇ ಮುರಿದುಕೊಳ್ಳುವುದರಿಂದ, ಕಾರ್ಡಿನಲ್ಲಿ ಕೊಟ್ಟ ನೂರು ರೂಪಾಯಿ ಅವನಿಗೆ ನೂರಾಗಿ ಮುಟ್ಟುವುದಿಲ್ಲ. ಸಣ್ಣ ಅಂಗಡಿಗಳು ಕಾರ್ಡನ್ನು ಒಲ್ಲೆ ಎಂದದ್ದಕ್ಕೆ ಇದೂ ಒಂದು ಕಾರಣ.

2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದವು. ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ಶೇಕಡಾ 86ರಷ್ಟು ಅವೇ ಆಗಿದ್ದವು. ಕಿರಾಣಿ ಅಂಗಡಿಗಳಲ್ಲಿ ಹಳೆಯ ಉದ್ರಿ ಪುಸ್ತಕ ಮತ್ತೆ ಕೆಳಗಿಳಿಯಿತು. ಅದೇ ವರ್ಷ ಹುಟ್ಟಿದ್ದ ಯುಪಿಐ, ಕೆಲವೇ ವರ್ಷಗಳಲ್ಲಿ ಕಾರ್ಡು ಎಂದೂ ಹತ್ತದ ಕೈಗಾಡಿಯನ್ನೂ ಹತ್ತಿತು. ಇಲ್ಲಿ ಕೂಲಿಯ ಕಡಿತವಿಲ್ಲ, ಚಿಲ್ಲರೆಯ ತಕರಾರಿಲ್ಲ. ಪುಸ್ತಕವೊಂದು ಇದೆಯೆಂಬುದೇ ಮರೆತುಹೋಗಿತ್ತು.

ಅದು ನೆನಪಾದದ್ದು 2025ರ ಜುಲೈಯಲ್ಲಿ. 2021ರಿಂದೀಚಿನ ಯುಪಿಐ ಜಮೆಗಳನ್ನು ಕೂಡಿಸಿ ನೋಡಿ, ವರ್ಷದ ವಹಿವಾಟು ಜಿಎಸ್‌ಟಿ ಮಿತಿಯನ್ನು (ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ) ದಾಟಿದೆಯೆಂದು ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿತು. ತೆರಿಗೆಯೇ ಇಲ್ಲದ ಹಾಲು ತರಕಾರಿ ಮಾರುವವರಿಗೂ ಅದು ಹೋಯಿತು. ಬೆಂಗಳೂರಿನ ಅಂಗಡಿಗಳಲ್ಲಿ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಚೀಟಿಗಳು ಕಾಣಿಸಿಕೊಂಡವು. ಹಿಂದಿನ ಬಾಕಿಯನ್ನು ವಸೂಲು ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಬೇಕು ಎಂದು ಆ ತಿಂಗಳ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳಿಗೆ ಭರವಸೆ ಇತ್ತರು. ತೆರಿಗೆ ಸಲ್ಲಬೇಕಾದಲ್ಲಿ ಸಲ್ಲಬೇಕು; ಆ ಮಾತು ಬೇರೆ. ಅಂದು ಗಿರಾಕಿಯ ಹೆಸರನ್ನು ಬರೆದಿಡುತ್ತಿದ್ದ ಅಂಗಡಿಕಾರ ಇಂದು ತಾನೇ ಬೇರೊಬ್ಬರ ಪುಸ್ತಕದೊಳಗೆ ಕುಳಿತಿದ್ದಾನೆ, ಮತ್ತು ಆ ಪುಸ್ತಕವನ್ನು ಬರೆಯುವವರ ಗುರುತು ಅವನಿಗಿಲ್ಲ.

ಬೆಳಗಾವಿಯ ನೆಹರು ನಗರದಲ್ಲಿ, ಜವಾಹರಲಾಲ ನೆಹರು ವೈದ್ಯಕೀಯ ಕಾಲೇಜಿನ ಆಸುಪಾಸಿನಲ್ಲಿ, ದೂರದೂರಿನ ವಿದ್ಯಾರ್ಥಿಗಳೂ ಹಳ್ಳಿಗಳಿಂದ ರೋಗಿಗಳೊಡನೆ ಬಂದವರೂ ಒಂದೇ ಗಾಡಿಯ ಮುಂದೆ ನಿಲ್ಲುತ್ತಾರೆ. "ರೊಕ್ಕ ಕೊಡ್ತೀರೋ, ಫೋನ್‌ಪೇ ಮಾಡ್ತೀರೋ?" ಎಂದು ಗಾಡಿಯವನು ಕೇಳುತ್ತಾನೆ. ಎಲ್ಲ ಬಗೆಯ ಹಣಕ್ಕೂ ಸಲ್ಲುವಷ್ಟು ಹಿಗ್ಗಿಹೋಗಿದ್ದ ಮಾತು, ಆ ಪ್ರಶ್ನೆಯಲ್ಲಿ, ಕಿಟ್ಟೆಲ್ಲರು ಬರೆದಿಟ್ಟ ಅರ್ಥಕ್ಕೆ ಮತ್ತೆ ಮರಳಿದಂತಿದೆ.