ನಿಪಾ: ಹೆಸರೇ ತಿಳಿಯದ ರೋಗದ ಮುಂದೆ ನಿಂತವರು

ರೋಗಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಸತ್ತವರ ಲೆಕ್ಕದಲ್ಲಿ ನೆನಪಿಟ್ಟುಕೊಳ್ಳುತ್ತೇವೆ. ರೋಗವನ್ನು ಗುರುತಿಸಿದವರು ಯಾರು, ಅದು ಯಾರಿಗೆ ತಗುಲಿರಬಹುದೆಂದು ಮನೆ ಮನೆಗೆ ಹೋಗಿ ವಿಚಾರಿಸಿದವರು ಯಾರು, ರಾತ್ರಿಯೆಲ್ಲಾ ರೋಗಿಯ ಪಕ್ಕದಲ್ಲಿದ್ದು ಬಾಯಿಗೆ ನೀರು ಹಾಕಿದವರು ಯಾರು ಎಂಬುದನ್ನು ಬೇಗ ಮರೆಯುತ್ತೇವೆ. ನಮ್ಮ ಪಕ್ಕದ ರಾಜ್ಯ ಕೇರಳದಲ್ಲಿ 2018ರಲ್ಲಿ ನಡೆದ ನಿಪಾ ರೋಗದ ಚರಿತ್ರೆ ಈ ಮೂರು ಪ್ರಶ್ನೆಗಳನ್ನೂ ನಮ್ಮ ಮುಂದಿಡುತ್ತದೆ. ಅದರಲ್ಲಿ ನಮ್ಮ ಕರ್ನಾಟಕದ ಒಂದು ಪ್ರಯೋಗಾಲಯದ ಪಾಲಿದೆ. ಮಯ್ಯಿತ್ ಪರಿಪಾಲನೆ ಮಾಡುವ ಪ್ರತಿಯೊಂದು ಜಮಾಅತ್‌ಗೂ ಅದರಲ್ಲಿ ಪಾಠವಿದೆ.

ಮಲೇಷ್ಯಾದಿಂದ ಸಿಲಿಗುರಿಗೆ

ಈ ರೋಗ ಮೊದಲು ಕಾಣಿಸಿಕೊಂಡದ್ದು 1998ರಲ್ಲಿ, ಮಲೇಷ್ಯಾದಲ್ಲಿ. ಹಂದಿ ಸಾಕುವವರಿಗೆ ಜ್ವರ ಬಂದು, ಪ್ರಜ್ಞೆ ತಪ್ಪಿ, ಹಲವರು ತೀರಿಕೊಂಡರು. ಸೊಳ್ಳೆಯಿಂದ ಬರುವ ಜಪಾನೀಸ್ ಮೆದುಳು ಜ್ವರ ಎಂದು ಮೊದಲು ಭಾವಿಸಲಾಯಿತು. ಸೊಳ್ಳೆಗೆ ಮದ್ದು ಹೊಡೆದರು, ಲಸಿಕೆ ಹಾಕಿದರು. ಸಾವು ನಿಲ್ಲಲಿಲ್ಲ. 1999ರಲ್ಲಿ ಮಲಯ ವಿಶ್ವವಿದ್ಯಾಲಯದ ಚುವಾ ಕಾವ್ ಬಿಂಗ್ ಎಂಬ ವೈದ್ಯ ಒಬ್ಬ ರೋಗಿಯ ಮಾದರಿಯಲ್ಲಿ ಹೊಸ ವೈರಾಣುವನ್ನು ಕಂಡುಹಿಡಿದರು. ಆ ರೋಗಿಯ ಊರು ಸುಂಗಾಯ್ ನಿಪಾ. ವೈರಾಣುವಿಗೆ ಅದೇ ಹೆಸರು ನಿಂತಿತು. ಅಲ್ಲಿ 265 ಜನರಿಗೆ ರೋಗ ತಗುಲಿ 105 ಮಂದಿ ಮೃತಪಟ್ಟರು. ಮೂಲದಲ್ಲಿ ಇದು ಹಣ್ಣು ತಿನ್ನುವ ದೊಡ್ಡ ಬಾವಲಿಗಳಲ್ಲಿರುವ ವೈರಾಣು ಎಂಬುದು ನಂತರ ತಿಳಿಯಿತು.

ಎರಡೇ ವರ್ಷಗಳಲ್ಲಿ, 2001ರ ಆರಂಭದಲ್ಲಿ, ಪಶ್ಚಿಮ ಬಂಗಾಳದ ಸಿಲಿಗುರಿಯಲ್ಲಿ ಅಂಥದೇ ಜ್ವರ ಬಂತು. 66 ಜನ ರೋಗಕ್ಕೆ ತುತ್ತಾದರು, 45 ಮಂದಿ ತೀರಿಕೊಂಡರು. ಬಹುತೇಕರಿಗೆ ರೋಗ ಹತ್ತಿದ್ದು ಆಸ್ಪತ್ರೆಗಳಲ್ಲಿ: ಅಲ್ಲಿನ ಸಿಬ್ಬಂದಿಗೆ, ರೋಗಿಗಳ ಜೊತೆ ನಿಂತವರಿಗೆ, ನೋಡಲು ಬಂದವರಿಗೆ. ತಮ್ಮ ಮುಂದಿರುವ ರೋಗ ಯಾವುದೆಂದು ಅವರಿಗೆ ತಿಳಿದಿರಲಿಲ್ಲ. ಅದು ನಿಪಾ ಆಗಿತ್ತೆಂದು ವೈದ್ಯಕೀಯ ಲೋಕದ ಮುಂದೆ ಪೂರ್ಣ ವರದಿ ಬಂದದ್ದು 2006ರಲ್ಲಿ. ಹೆಸರು ತಿಳಿಯದ ರೋಗದಿಂದ ಯಾರೂ ತಮ್ಮನ್ನು ಕಾಪಾಡಿಕೊಳ್ಳಲಾರರು. ಪ್ರಯೋಗಾಲಯದ ಬೆಲೆ ನಮಗೆ ಅರ್ಥವಾಗುವುದು ಇಲ್ಲೇ.

ಬಾಂಗ್ಲಾದೇಶದ ಪಾಠ

ಬಾಂಗ್ಲಾದೇಶದಲ್ಲಿ 2001ರಿಂದ ಈ ರೋಗ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಚಳಿಗಾಲದಲ್ಲಿ ಅಲ್ಲಿಯವರು ಈಚಲು ಮರದ ರಸವನ್ನು ಇಳಿಸಿ ಹಸಿಯಾಗಿಯೇ ಕುಡಿಯುತ್ತಾರೆ. ಸಂಶೋಧಕರು ರಾತ್ರಿ ಮರಗಳಿಗೆ ಕ್ಯಾಮೆರಾ ಕಟ್ಟಿ ನೋಡಿದಾಗ, ಬಾವಲಿಗಳು ಬಂದು ರಸ ಒಸರುವ ಜಾಗವನ್ನು ನೆಕ್ಕುತ್ತಿದ್ದುದು ಕಂಡಿತು. ಬಿದಿರಿನ ತಟ್ಟಿ ಕಟ್ಟಿ ರಸವನ್ನು ಕಾಪಾಡುವುದನ್ನು ಅವರು ಊರಿನವರಿಗೆ ಕಲಿಸಿದರು.

ಇನ್ನೊಂದು ಸಂಗತಿ ನಮಗೆ ಇನ್ನಷ್ಟು ಹತ್ತಿರದ್ದು. ಅಲ್ಲಿ ರೋಗ ಮನುಷ್ಯನಿಂದ ಮನುಷ್ಯನಿಗೂ ಹರಡಿತು. ಆರೈಕೆ ಮಾಡಿದ ಮನೆಯವರು ಕಾಯಿಲೆ ಬಿದ್ದರು. ಮೃತದೇಹವನ್ನು ಹತ್ತಿರದಿಂದ ಮುಟ್ಟಿದವರಿಗೂ ರೋಗ ಬಂದದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ಮಯ್ಯಿತ್‌ಗೆ ಗುಸ್ಲ್ ಕೊಡುವುದು ಫರ್ಳ್ ಕಿಫಾಯ. ಅದನ್ನು ಪ್ರೀತಿಯಿಂದ ಮಾಡುವ ಕೈಗಳು ಹೆಚ್ಚಾಗಿ ಬರಿಗೈಗಳೇ ಆಗಿರುತ್ತವೆ.

2018ರ ಮೇ ತಿಂಗಳು

ಕೋಳಿಕ್ಕೋಡು ಜಿಲ್ಲೆಯ ಪೇರಾಂಬ್ರದ ಸಮೀಪದ ಹಳ್ಳಿಯೊಂದರಲ್ಲಿ ಒಬ್ಬ ಮುಸ್ಲಿಂ ಯುವಕನಿಗೆ ಜ್ವರ ಬಂತು. ಪೇರಾಂಬ್ರ ತಾಲೂಕು ಆಸ್ಪತ್ರೆಯಿಂದ ಅವನನ್ನು ಕೋಳಿಕ್ಕೋಡಿನ ಸರಕಾರಿ ಮೆಡಿಕಲ್ ಕಾಲೇಜಿಗೆ ಕಳುಹಿಸಲಾಯಿತು. ಮೇ 5ರಂದು ಅವನು ತೀರಿಕೊಂಡ. ಅದು ನಿಪಾ ಎಂದು ಯಾರೂ ಊಹಿಸಿರಲಿಲ್ಲ. ಕೆಲವೇ ದಿನಗಳಲ್ಲಿ ಅವನ ಸಹೋದರನಿಗೂ ಕುಟುಂಬದ ಇತರರಿಗೂ ಅದೇ ಲಕ್ಷಣ ಕಾಣಿಸಿತು. ಒಂದೇ ಕುಟುಂಬದಲ್ಲಿ ಹೀಗೆ ಸಾಲಾಗಿ ಮೆದುಳು ಜ್ವರ ಬರುವುದು ಸಹಜವಲ್ಲ ಎಂದು ಕೋಳಿಕ್ಕೋಡಿನ ಒಂದು ಖಾಸಗಿ ಆಸ್ಪತ್ರೆಯ ವೈದ್ಯರು ಶಂಕಿಸಿದರು. ಅವರು ಮಾದರಿಗಳನ್ನು ಕಳುಹಿಸಿದ್ದು ಉಡುಪಿ ಜಿಲ್ಲೆಯ ಮಣಿಪಾಲಕ್ಕೆ.

ಮಣಿಪಾಲದ ವೈರಾಣು ಸಂಶೋಧನಾ ಕೇಂದ್ರದ ಮುಖ್ಯಸ್ಥರಾಗಿದ್ದವರು ಡಾ. ಜಿ. ಅರುಣ್‌ಕುಮಾರ್. ಗಂಟಲ ದ್ರವ, ರಕ್ತ, ಮೂತ್ರದ ಮಾದರಿಗಳಲ್ಲಿ ವೈರಾಣುವಿನ ಗುರುತನ್ನು ಹುಡುಕುವ ಪಿಸಿಆರ್ ಪರೀಕ್ಷೆಯನ್ನು ಅಲ್ಲಿ ನಡೆಸಿದರು. ಅತಿ ಸೂಕ್ಷ್ಮ ಪ್ರಮಾಣದಲ್ಲಿರುವ ವೈರಾಣುವಿನ ಅಂಶವನ್ನು ಲಕ್ಷಾಂತರ ಪಟ್ಟು ಹೆಚ್ಚಿಸಿ ಕಣ್ಣಿಗೆ ಕಾಣುವಂತೆ ಮಾಡುವ ವಿಧಾನವದು. ಫಲಿತಾಂಶ ನಿಪಾ ಎಂದಿತು. ಮೇ 20ರಂದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅದನ್ನು ದೃಢಪಡಿಸಿತು. ಸಿಲಿಗುರಿಯಲ್ಲಿ ವರ್ಷಗಳೇ ಹಿಡಿದ ಉತ್ತರ ಇಲ್ಲಿ ಕೆಲವೇ ದಿನಗಳಲ್ಲಿ ಸಿಕ್ಕಿತು.

ಉತ್ತರ ಸಿಕ್ಕ ಕೂಡಲೇ ಎರಡನೆಯ ಕೆಲಸ ಆರಂಭವಾಯಿತು: ಪಟ್ಟಿ ತಯಾರಿಸುವುದು. ರೋಗಿ ಯಾವ ವಾರ್ಡಿನಲ್ಲಿದ್ದ, ಯಾರ ಪಕ್ಕದಲ್ಲಿ ಮಲಗಿದ್ದ, ಯಾವ ದಿನ ಸ್ಕ್ಯಾನಿಂಗ್‌ಗೆ ಹೋಗಿದ್ದ ಎಂದು ಒಂದೊಂದನ್ನೂ ಕೂಡಿಸಿ ನೋಡಿದರು. ಮೊದಲ ರೋಗಿ ಮೆಡಿಕಲ್ ಕಾಲೇಜಿನ ಸ್ಕ್ಯಾನಿಂಗ್ ವಿಭಾಗದಲ್ಲಿ ಕೆಮ್ಮುತ್ತಾ ಕಾಯುತ್ತಿದ್ದಾಗ, ಅದೇ ಕಾರಿಡಾರಿನಲ್ಲಿದ್ದ ಹಲವರಿಗೆ ರೋಗ ಹತ್ತಿತ್ತು ಎಂಬುದು ಹೀಗೆ ಹೊರಬಿತ್ತು. ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಪಟ್ಟಿ ಮಾಡಿ, ಫೋನ್ ಮಾಡಿ, ದಿನದಿನವೂ ಜ್ವರ ವಿಚಾರಿಸಿದರು.

ಪ್ರಯೋಗಾಲಯದಲ್ಲಿ ದೃಢಪಟ್ಟ 18 ರೋಗಿಗಳಲ್ಲಿ 16 ಮಂದಿ ತೀರಿಕೊಂಡರು. ಬದುಕುಳಿದ ಇಬ್ಬರಲ್ಲಿ ಒಬ್ಬಳು ನರ್ಸಿಂಗ್ ವಿದ್ಯಾರ್ಥಿನಿ. ಆ ಮೊದಲ ಕುಟುಂಬವೊಂದರಲ್ಲೇ ನಾಲ್ವರು ಹೊರಟುಹೋದರು. ಇನ್ನಾಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಆದರೂ ರೋಗ ಅಲ್ಲಿಗೇ ನಿಂತಿತು. 2019ರಲ್ಲಿ ಎರ್ನಾಕುಲಂನಲ್ಲಿ ಒಬ್ಬ ವಿದ್ಯಾರ್ಥಿಗೆ ನಿಪಾ ಬಂದಾಗ ಅವನು ಬದುಕಿದ, ಬೇರೆ ಯಾರಿಗೂ ಹರಡಲಿಲ್ಲ. ಹಿಂದಿನ ವರ್ಷ ಕಲಿತದ್ದು ಫಲ ಕೊಟ್ಟಿತ್ತು.

ಲಿನಿ ಎಂಬ ನರ್ಸ್

ಮೊದಲ ರೋಗಿಯನ್ನು ಪೇರಾಂಬ್ರದ ತಾಲೂಕು ಆಸ್ಪತ್ರೆಯಲ್ಲಿ ಆರೈಕೆ ಮಾಡಿದವರಲ್ಲಿ ಲಿನಿ ಪುದುಶ್ಶೇರಿ ಎಂಬ ನರ್ಸ್ ಒಬ್ಬರು. ಅವರದ್ದು ಗುತ್ತಿಗೆಯ ಕೆಲಸ. ಪತಿ ಬಹರೈನ್‌ನಲ್ಲಿ ದುಡಿಯುತ್ತಿದ್ದರು, ಮನೆಯಲ್ಲಿ ಇಬ್ಬರು ಚಿಕ್ಕ ಗಂಡುಮಕ್ಕಳು. ತಮಗೆ ಜ್ವರ ಬಂದಾಗ ಅವರೇ ತಮ್ಮನ್ನು ಪ್ರತ್ಯೇಕ ಇರಿಸುವಂತೆ ಕೇಳಿಕೊಂಡರು. ಇನ್ನು ಉಳಿಯುವುದಿಲ್ಲ ಎನಿಸಿದಾಗ ಪತಿಗೆ ಒಂದು ಚಿಕ್ಕ ಪತ್ರ ಬರೆದು, ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳುವಂತೆ ಕೋರಿದರು. ಮೇ 21ರಂದು ತೀರಿಕೊಂಡರು. ಸೋಂಕಿನ ಭಯದಿಂದ ದೇಹವನ್ನು ಮನೆಗೆ ಒಯ್ಯದೆ ಕೂಡಲೇ ಅಂತ್ಯಕ್ರಿಯೆ ಮಾಡಲಾಯಿತು. ಒಬ್ಬ ಮುಸ್ಲಿಂ ಯುವಕನ ಆರೈಕೆಯಲ್ಲಿ ಒಬ್ಬ ಹಿಂದೂ ತಾಯಿ ಜೀವ ತೆತ್ತಳು. ಇದನ್ನು ನಮ್ಮ ಮಕ್ಕಳಿಗೆ ಹೇಳಬೇಕು.

ಅದೇ ದಿನಗಳಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಪೇರಾಂಬ್ರದ ಆಸ್ಪತ್ರೆಯ ನರ್ಸ್‌ಗಳನ್ನು ಜನ ದೂರ ಇಡತೊಡಗಿದರು. ಬಸ್ಸಿನಲ್ಲಿ, ಆಟೋದಲ್ಲಿ ಹತ್ತಿಸಿಕೊಳ್ಳುವುದಿಲ್ಲ ಎಂದು ಅವರು ದೂರು ಕೊಡಬೇಕಾಯಿತು. ಅದಕ್ಕೆ ಕೆಲವೇ ವಾರಗಳ ಹಿಂದೆ, 2018ರ ಏಪ್ರಿಲ್‌ನಲ್ಲಷ್ಟೇ, ದೀರ್ಘ ಹೋರಾಟದ ಬಳಿಕ ಕೇರಳದ ಖಾಸಗಿ ಆಸ್ಪತ್ರೆಗಳ ನರ್ಸ್‌ಗಳಿಗೆ ತಿಂಗಳಿಗೆ 20,000 ರೂಪಾಯಿ ಕನಿಷ್ಠ ವೇತನ ಎಂದು ಸರಕಾರ ಆದೇಶ ಹೊರಡಿಸಿತ್ತು. ಹಗಲು ರಾತ್ರಿ ಪಾಳಿ, ಕಡಿಮೆ ಸಂಬಳ, ಗುತ್ತಿಗೆಯ ಅಭದ್ರತೆ, ಅದರ ಮೇಲೆ ನೆರೆಹೊರೆಯವರ ತಿರಸ್ಕಾರ. ಪರೀಕ್ಷೆಯ ಯಂತ್ರ ಎಷ್ಟು ಚುರುಕಾಗಿದ್ದರೂ, ದಣಿದು ನೊಂದ ಕೈ ರೋಗಿಯನ್ನು ಎಷ್ಟು ದಿನ ಕಾಯಬಲ್ಲದು?

ಆ ವರ್ಷ ರಮಝಾನ್ ಆರಂಭವಾದದ್ದೂ ಅದೇ ಮೇ ತಿಂಗಳಲ್ಲಿ. ಮೊಬೈಲಿನಲ್ಲಿ ವದಂತಿಗಳು ವೈರಾಣುವಿಗಿಂತ ವೇಗವಾಗಿ ಹರಡಿದವು. ಇಫ್ತಾರ್‌ನ ತಟ್ಟೆಯಿಂದ ಹಣ್ಣುಗಳನ್ನೇ ತೆಗೆದವರಿದ್ದಾರೆ. ಬಾವಿಯಲ್ಲಿ ಸಿಕ್ಕ ಬಾವಲಿಗಳೇ ಕಾರಣ ಎಂಬ ಸುದ್ದಿ ಎಲ್ಲೆಡೆ ಹಬ್ಬಿತು. ಆದರೆ ಅವು ಕೀಟ ತಿನ್ನುವ ಬಾವಲಿಗಳಾಗಿದ್ದವು, ಅವುಗಳಲ್ಲಿ ವೈರಾಣು ಸಿಗಲಿಲ್ಲ. ಆ ಪ್ರದೇಶದ ಹಣ್ಣು ತಿನ್ನುವ ಬಾವಲಿಗಳಲ್ಲಿ ಅದು ನಂತರದ ಪರೀಕ್ಷೆಯಲ್ಲಿ ಸಿಕ್ಕಿತು. ಪರೀಕ್ಷಿಸದೆ ಸುದ್ದಿ ಹಬ್ಬಿಸಬಾರದು ಎಂಬ ಕುರ್‌ಆನಿನ ಆದೇಶ ನಮ್ಮ ಮೊಬೈಲ್‌ಗೂ ಅನ್ವಯಿಸುತ್ತದೆ.

ನಮ್ಮ ಚರಿತ್ರೆ ಏನು ಹೇಳುತ್ತದೆ?

ಹಿಜರಿ 18ರ ಸುಮಾರಿಗೆ ಸಿರಿಯಾದಲ್ಲಿ ಅಮವಾಸ್‌ನ ಪ್ಲೇಗ್ ಹರಡಿತ್ತು. ಅತ್ತ ಹೊರಟಿದ್ದ ಖಲೀಫಾ ಉಮರ್(ರ) ಸರ್ಗ್ ಎಂಬಲ್ಲಿ ನಿಂತು ಸಹಾಬಿಗಳೊಂದಿಗೆ ಸಮಾಲೋಚಿಸಿದರು. ಹಿಂದಿರುಗಲು ತೀರ್ಮಾನಿಸಿದಾಗ, ಇದು ಅಲ್ಲಾಹನ ವಿಧಿಯಿಂದ ಪಲಾಯನವಲ್ಲವೇ ಎಂದು ಅಬೂ ಉಬೈದಾ(ರ) ಕೇಳಿದರು. ಅಲ್ಲಾಹನ ಒಂದು ವಿಧಿಯಿಂದ ಅವನದ್ದೇ ಇನ್ನೊಂದು ವಿಧಿಯೆಡೆಗೆ ಹೋಗುತ್ತಿದ್ದೇವೆ ಎಂಬ ಅರ್ಥದಲ್ಲಿ ಉಮರ್(ರ) ಉತ್ತರಿಸಿದರು. ಪ್ಲೇಗ್ ಇರುವ ಊರಿಗೆ ಹೋಗಬೇಡಿ, ನೀವಿರುವ ಊರಿಗೆ ಬಂದರೆ ಓಡಿಹೋಗಬೇಡಿ ಎಂಬ ಪ್ರವಾದಿ(ಸ)ರ ಆದೇಶವನ್ನು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಆಗ ತಿಳಿಸಿಕೊಟ್ಟರು. ಜನರ ಜೊತೆ ಉಳಿದ ಅಬೂ ಉಬೈದಾ(ರ) ಅದೇ ರೋಗದಲ್ಲಿ ತೀರಿಕೊಂಡರು. ಎಚ್ಚರಿಕೆಯೂ ಇಸ್ಲಾಮ್, ಜೊತೆಗಿರುವ ಧೈರ್ಯವೂ ಇಸ್ಲಾಮ್.

ಇನ್ನು ಆರೈಕೆಯ ವಿಷಯ. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಪ್ರವಾದಿ(ಸ) ಇರಿಸಿದ್ದು ಮಸೀದಿಯಲ್ಲಿ, ರುಫೈದಾ(ರ) ಎಂಬ ಮಹಿಳೆಯ ಡೇರೆಯಲ್ಲಿ. ರೋಗಿಯ ಆರೈಕೆ ಮಾಡುವ ಹೆಣ್ಣಿಗೆ ಅಂದು ಮಸೀದಿಯಲ್ಲೇ ಜಾಗವಿತ್ತು. ಇಂದು ನಮ್ಮ ಊರಿನಲ್ಲಿ ಒಬ್ಬ ನರ್ಸ್‌ಗೆ ಬಾಡಿಗೆ ಮನೆ ಕೊಡಲು ನಾವು ಹಿಂದೆ ಮುಂದೆ ನೋಡಿದರೆ ಆ ಸುನ್ನತ್‌ಗೆ ಏನು ಉತ್ತರ ಕೊಡುತ್ತೇವೆ?

ನಾವು ಮಾಡಬಹುದಾದದ್ದು

ಪ್ರಾಣಿ ಪಕ್ಷಿ ಕಚ್ಚಿದ, ನೆಲಕ್ಕೆ ಬಿದ್ದ ಹಣ್ಣು ತಿನ್ನಬಾರದು. ಉಳಿದ ಹಣ್ಣನ್ನು ತೊಳೆದು ಸಿಪ್ಪೆ ತೆಗೆದು ತಿನ್ನಲು ಹೆದರಬೇಕಿಲ್ಲ. ಆಸ್ಪತ್ರೆಗೆ ರೋಗಿಯನ್ನು ನೋಡಲು ಇಡೀ ಕುಟುಂಬ ಹೋಗಿ ವಾರ್ಡಿನಲ್ಲಿ ಗುಂಪುಗೂಡಬಾರದು. ಆರೋಗ್ಯ ಇಲಾಖೆಯವರು ಎಲ್ಲಿಗೆ ಹೋಗಿದ್ದಿರಿ, ಯಾರನ್ನು ಭೇಟಿಯಾದಿರಿ ಎಂದು ಕೇಳಿದರೆ ಸತ್ಯ ಹೇಳಬೇಕು. ಆ ಪಟ್ಟಿ ಶಿಕ್ಷೆಯ ಪಟ್ಟಿಯಲ್ಲ, ಜೀವ ಉಳಿಸುವ ಪಟ್ಟಿ.

ಮಯ್ಯಿತ್ ಪರಿಪಾಲನೆ ಮಾಡುವ ಸಹೋದರ ಸಹೋದರಿಯರಿಗೆ ಕೈಗವಸು, ಮಾಸ್ಕ್ ಒದಗಿಸುವುದು ಜಮಾಅತ್‌ನ ಹೊಣೆ. ವೈದ್ಯರು ಗುಸ್ಲ್ ಅಪಾಯಕಾರಿ ಎಂದರೆ ಹಠ ಹಿಡಿಯಬಾರದು. ನೀರು ಬಳಸಲಾಗದ ಕಡೆ ತಯಮ್ಮುಮ್‌ನ ದಾರಿಯನ್ನು ಶರೀಅತ್ ತೆರೆದಿಟ್ಟಿದೆ. ಅದಕ್ಕೂ ಆಗದಿದ್ದರೆ ಉಲಮಾಗಳನ್ನು ಕೇಳಬೇಕು. ಪ್ಲೇಗ್‌ನಲ್ಲಿ ತೀರಿಕೊಂಡ ಸತ್ಯವಿಶ್ವಾಸಿಗೆ ಶಹೀದರ ಪ್ರತಿಫಲವಿದೆ ಎಂದು ಹದೀಸ್ ತಿಳಿಸುತ್ತದೆ. ಗುಸ್ಲ್ ಆಗಲಿಲ್ಲವೆಂದು ಮನೆಯವರು ಜೀವಮಾನವಿಡೀ ಕೊರಗಬೇಕಿಲ್ಲ.

ಕೊನೆಯದಾಗಿ, ನಮ್ಮ ಮಹಲ್ಲಾದಲ್ಲಿರುವ ನರ್ಸ್‌ಗಳು, ಲ್ಯಾಬಿನಲ್ಲಿ ಕೆಲಸ ಮಾಡುವವರು, ಆಶಾ ಕಾರ್ಯಕರ್ತೆಯರು ಯಾರು ಯಾರು ಎಂದು ವಿಚಾರಿಸೋಣ. ರಾತ್ರಿ ಪಾಳಿ ಮುಗಿಸಿ ಬಂದವರ ಮಕ್ಕಳನ್ನು ಒಂದು ಹೊತ್ತು ನೋಡಿಕೊಳ್ಳುವುದೂ ಸದಕಾ. ಯಾರ ಕೈ ನಮ್ಮನ್ನು ಆರೈಕೆ ಮಾಡುತ್ತದೋ ಆ ಕೈಗೆ ಬಲ ತುಂಬುವ ತೌಫೀಕ್ ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.