ಬಾಡಿಗೆ ಕಾರು, ಕಾರವಾರ ಮತ್ತು ಬಾರದ ರೈಲು

ನಮ್ಮ ಗಲಗಲಿ ಕಡೆ "ಸಮುದ್ರ ನೋಡ್ಕೊಂಡ ಬರೂಣು" ಅಂತ ಯಾರಾದರೂ ಅಂದರೆ ಮರುಪ್ರಶ್ನೆ ಒಂದೇ: "ಗಾಡಿ ಯಾರದ ಹೇಳೂಣು?" ಕ್ರೂಸರೋ ಟ್ರ್ಯಾಕ್ಸೋ ಡ್ರೈವರ್ ಸಮೇತ ಬಾಡಿಗೆಗೆ ಹಿಡಿದು, ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಡುವುದು ರೂಢಿ. ನಮ್ಮ ವಯಸ್ಸಿನವರು ಈಗ ಹುಬ್ಬಳ್ಳಿಯಲ್ಲೋ ಗೋವಾದಲ್ಲೋ ತಾವೇ ಓಡಿಸುವ ಕಾರು ಬಾಡಿಗೆಗೆ ತಗೊಂಡು ಬಿಸಿಲು, ಮರಳು, ಮೀನು ಅಂತ ಕಾರವಾರ ಸುತ್ತುತ್ತಾರೆ. ಎಲ್ಲ ಸರಿ, ಆದರೆ ಹುಬ್ಬಳ್ಳಿಯಿಂದ ಘಟ್ಟ ಇಳಿದು ನೇರ ಕಾರವಾರಕ್ಕೆ ಹೋಗುವ ರೈಲು ಯಾಕಿಲ್ಲ? ರೈಲೇ ಬೇಕು ಅಂದರೆ ಗೋವಾ ಸುತ್ತಿಕೊಂಡು ಹೋಗಬೇಕು. ಇದಕ್ಕೆ ಉತ್ತರ ಹುಡುಕಲು ಹೊರಟರೆ ಸಿಗುವುದು ನೂರರುವತ್ತು ವರ್ಷ ಹಳೆಯ ಕಥೆ. ಅದು ಶುರುವಾಗುವುದು ನಮ್ಮ ಎರಿ ಹೊಲದ ಹತ್ತಿಯಿಂದ!

ರೈಲು ಬರುವ ಮೊದಲು ಧಾರವಾಡ ಸೀಮೆಯ ಹತ್ತಿ ಎತ್ತುಗಳ ಮೇಲೆ, ಬಂಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ, ಮುಂದೆ ಇಂಗ್ಲೆಂಡಿಗೆ. ಹಾಗಾಗಿ ಲಿವರ್‌ಪೂಲ್ ಪೇಟೆಯಲ್ಲಿ ಅದರ ಹೆಸರೇ "ಕುಮಟಾ ಹತ್ತಿ". ಬೆಳೆದವರ ಊರಿನ ಹೆಸರು ಹೋಗಿ ಹಡಗು ಹತ್ತಿಸಿದ ಊರಿನ ಹೆಸರು ನಿಂತಿತು ನೋಡಿ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿಂದ ಹತ್ತಿ ಬರುವುದು ನಿಂತು ಮ್ಯಾಂಚೆಸ್ಟರ್ ಸುತ್ತಲಿನ ಗಿರಣಿಗಳು ಕಂಗಾಲಾದವು. ಎಲ್ಲರ ಕಣ್ಣು ನಮ್ಮ ಕಡೆ ಬಿತ್ತು. ಕಾರವಾರದ ಕೊಲ್ಲಿ ಆಳವಾದದ್ದು, ಮಳೆಗಾಲದಲ್ಲೂ ಹಡಗಿಗೆ ಆಸರೆ ಕೊಡಬಲ್ಲದ್ದು. ಆದರೆ ತೊಡಕೊಂದಿತ್ತು: ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿ, ಕಾರವಾರ ಮದ್ರಾಸ್ ಪ್ರಾಂತ್ಯದಲ್ಲಿ! ಕಡೆಗೆ 1862ರಲ್ಲಿ ಕುಂದಾಪುರ ತಾಲೂಕನ್ನು ಬಿಟ್ಟು ಉತ್ತರ ಕನ್ನಡವನ್ನು ಮುಂಬಯಿಗೆ ಸೇರಿಸಿದರು. ಇವತ್ತು ನಾವು "ಮುಂಬಯಿ ಕರ್ನಾಟಕ" ಅನ್ನುವಾಗ ಕಾರವಾರವೂ ಅದರೊಳಗೆ ಬರುವುದಕ್ಕೆ ಹತ್ತಿಯ ವ್ಯಾಪಾರವೇ ದೊಡ್ಡ ಕಾರಣ.

ಮ್ಯಾಂಚೆಸ್ಟರ್ ಕಾಟನ್ ಕಂಪನಿ ಅನ್ನೋದೊಂದು ಹತ್ತಿ ಅರೆಯುವ, ಒತ್ತುವ ಯಂತ್ರಗಳನ್ನು ಸದಾಶಿವಗಡಕ್ಕೆ ಕಳಿಸಿಯೇ ಬಿಟ್ಟಿತು. ಯಂತ್ರ ಬಂತು, ಅದನ್ನು ಘಟ್ಟ ಹತ್ತಿಸಲು ಬೇಕಾದ ರಸ್ತೆ ಮಾತ್ರ ಇನ್ನೂ ಮುಗಿದಿರಲಿಲ್ಲ. ಪ್ರಾಜೆಕ್ಟ್ ಪ್ಲಾನಿಂಗ್ ಕೆಡೋದು ನಮ್ಮ ಸಾಫ್ಟ್‌ವೇರಿನಲ್ಲಿ ಮಾತ್ರ ಅಂದುಕೊಂಡಿದ್ದೆ! 1865ಕ್ಕೆ ಅಮೆರಿಕದ ಯುದ್ಧ ಮುಗಿಯಿತು, ಹತ್ತಿಯ ದರ ಬಿತ್ತು, ಕಾರವಾರದ ಕನಸು ಸೊರಗಿತು.

ರೈಲಿನ ಮಾತು ಆಗಲೇ ಎದ್ದಿತ್ತು. ಆದರೆ 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಪ್ಪಂದವಾಗಿ, 1888ರ ಹೊತ್ತಿಗೆ ಮುರಗಾಂವ್ ಬಂದರಿನಿಂದ ಕ್ಯಾಸಲ್‌ರಾಕ್‌ವರೆಗೆ ರೈಲು ಹತ್ತಿತು. ಇತ್ತ 1884ರಲ್ಲೇ ಬಾಗಲಕೋಟೆ ಮೇಲೆ ಹಾದುಹೋಗುವ ಗದಗ-ಹೋಟಗಿ ಮಾರ್ಗ ಬಂದಿತ್ತು. ನಮ್ಮ ಸೀಮೆಯ ಮಾಲಿಗೆ ಈಗ ರೈಲಿನಲ್ಲೇ ಬಂದರು ಸಿಕ್ಕಿತು, ಆದರೆ ಅದು ಗೋವಾದ ಬಂದರು. ಕಾರವಾರ, ಕುಮಟಾ ಎರಡೂ ಬದಿಗೆ ಸರಿದವು.

ಅಂದ ಹಾಗೆ, ಹೀಗೆ ಬದಿಗೆ ಸರಿಯುತ್ತಿದ್ದ ಊರಿನಲ್ಲೇ 1880ರ ದಶಕದ ಮೊದಲಲ್ಲಿ ರವೀಂದ್ರನಾಥ ಠಾಕೂರರು ಕೆಲಕಾಲ ಇದ್ದರು. ಅಣ್ಣ ಸತ್ಯೇಂದ್ರನಾಥರು, ಐಸಿಎಸ್ ಪಾಸಾದ ಮೊದಲ ಭಾರತೀಯರು, ಅಲ್ಲಿ ಜಡ್ಜ್ ಆಗಿದ್ದರು. ಬೆಳದಿಂಗಳಲ್ಲಿ ದೋಣಿಯಲ್ಲಿ ಕಾಳಿ ನದಿಯ ಮೇಲೆ ಹೋದದ್ದು, ಮರಳ ಮೇಲೆ ನಡೆದು ಮನೆಗೆ ಬಂದದ್ದು ಅವರ ಆತ್ಮಕಥನದಲ್ಲಿದೆ. ನಮಗೆ ಕಾರು, ಅವರಿಗೆ ದೋಣಿ!

ಇನ್ನು ಈ ಕಾಲಕ್ಕೆ ಬರೋಣ. ಕೊಂಕಣ ರೈಲು 1998ರಲ್ಲಿ ಬಂತು, ಅದು ಕರಾವಳಿಯುದ್ದಕ್ಕೆ. ಹುಬ್ಬಳ್ಳಿ-ಅಂಕೋಲಾ ಮಾರ್ಗಕ್ಕೆ 1999ರಲ್ಲಿ ಅಡಿಗಲ್ಲು ಬಿತ್ತು. ಕಾಡು, ಕೋರ್ಟು, ಅನುಮತಿಗಳ ನಡುವೆ ಅದು ಸಿಕ್ಕಿಕೊಂಡಿತು. ಘಟ್ಟದ ಕಾಡು ಉಳಿಯಬೇಕು ಅನ್ನುವವರ ಮಾತನ್ನು ನಾನು ತಳ್ಳಿಹಾಕಲಾರೆ. ಆದರೆ ರೈಲಿಲ್ಲದಾಗ ಅದೇ ಕಾಡಿನ ನಡುವೆ, ಅರಬೈಲು ಘಟ್ಟದಲ್ಲಿ, ಲಾರಿಗಳ ಸಾಲು ಹಗಲು ರಾತ್ರಿ ಹೊಗೆ ಬಿಡುತ್ತಾ ಹೋಗುತ್ತದೆ ಅನ್ನೋದೂ ನಿಜವಲ್ಲವೆ?

ಬಾಡಿಗೆ ಕಾರಿಗೂ ಒಂದು ಇತಿಹಾಸ ಇದೆ. 1988ರ ಮೋಟಾರು ವಾಹನ ಕಾಯ್ದೆಯ ಅಡಿಯಲ್ಲಿ 1989ರಲ್ಲಿ "ರೆಂಟ್ ಎ ಕ್ಯಾಬ್" ಯೋಜನೆ ಬಂತು. ಲೈಸೆನ್ಸ್ ಬೇಕಾದರೆ ಕನಿಷ್ಠ 50 ಕ್ಯಾಬ್ ಇರಬೇಕು ಅಂತ ಅದರ ಷರತ್ತು. ಬೀಳಗಿ, ಮುಧೋಳ, ಜಮಖಂಡಿಯಂಥ ಊರುಗಳಲ್ಲಿ 50 ಕಾರು ಇಡುವವರು ಯಾರು? ಹೀಗಾಗಿ ನಮಗೆ ಡ್ರೈವರ್ ಸಮೇತ ಬರುವ ಹಳದಿ ಬೋರ್ಡಿನ ಗಾಡಿಯೇ ಗತಿಯಾಯಿತು. ನಾವೇ ಓಡಿಸುವ ಬಾಡಿಗೆ ಕಾರಿಗೆ ಕಪ್ಪು ಬೋರ್ಡು, ಹಳದಿ ಅಕ್ಷರ. ಕಾರು ತಗೊಳ್ಳುವಾಗ ಅದನ್ನು ನೋಡಿಯೇ ತಗೊಳ್ಳಿ. ಬಿಳಿ ಬೋರ್ಡಿನ ಖಾಸಗಿ ಕಾರನ್ನು ಬಾಡಿಗೆಗೆ ತಂದರೆ, ಅಪಘಾತವಾದಾಗ ವಿಮೆ ಕೈಕೊಡಬಹುದು.

ಕಾರು ಕೈಯಲ್ಲಿದ್ದರೆ ಇಂಗ್ಲಿಷರು 1638ರಲ್ಲಿ ವ್ಯಾಪಾರದ ಕೋಠಿ ತೆರೆದ ಕಡವಾಡದ ಕಡೆ ಹೋಗಿಬನ್ನಿ, ಕಾಳಿ ದಾಟಿ ಸದಾಶಿವಗಡ ಹತ್ತಿ. ಕಾಳಿಯ ಹಳೇ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದುಬಿತ್ತು. ಲಾರಿಯೊಂದು ನದಿಗೆ ಬಿತ್ತು, ಚಾಲಕ ಬದುಕಿಕೊಂಡ.

ಅಲ್ಲಿಂದ ಅಂಕೋಲಾ ಕಡೆ ತಿರುಗಿದರೆ ಅರಗಾ ಹತ್ತಿರ ನೌಕಾನೆಲೆಯ ಗೋಡೆ ಜೊತೆಯಾಗುತ್ತದೆ. 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ಯೋಜನೆ ಅದು. ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿದ್ದು 2005ರಲ್ಲಿ. ಮ್ಯಾಂಚೆಸ್ಟರಿನವರು ಕಂಡ ಆಳದ ಕೊಲ್ಲಿ ಕಡೆಗೂ ಉಪಯೋಗಕ್ಕೆ ಬಂತು, ಆದರೆ ಯುದ್ಧನೌಕೆಗಳಿಗೆ. ಅದಕ್ಕಾಗಿ 13 ಹಳ್ಳಿಯ ಜನ ಎದ್ದು ಹೋಗಬೇಕಾಯಿತು. ಹಲವರು ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಅಲೆದರು.

ಕಾರಿನ ಕಿಟಕಿಯಿಂದ ಆ ಗೋಡೆ ಬೇರೆಯವರಿಗೆ ಬರೀ ಗೋಡೆ. ಆಲಮಟ್ಟಿ ಹಿನ್ನೀರಿಗೆ ಹೊಲ, ಮನೆ, ಗುಡಿ ಬಿಟ್ಟುಕೊಟ್ಟ ಕೃಷ್ಣಾ ದಂಡೆಯವರಿಗೆ ಹಾಗಲ್ಲ. ಪುನರ್ವಸತಿ ಕೇಂದ್ರ ಅನ್ನುವ ಪದದ ಅರ್ಥ ನಮಗೂ ಗೊತ್ತು, ಅರಗಾದವರಿಗೂ ಗೊತ್ತು. ಹತ್ತಿಯ ರೈಲು ಸೇರಿಸದ ಎರಡು ಊರುಗಳನ್ನು ಇದು ಸೇರಿಸಿದೆ.

ಸಮುದ್ರ ನೋಡಲು ಹೋದಾಗ ಅಲ್ಲಿನವರನ್ನೂ ಒಂದು ಮಾತು ಮಾತಾಡಿಸಿ ಬನ್ನಿ. ಹುಬ್ಬಳ್ಳಿ-ಕಾರವಾರ ರೈಲಿನ ಬಗ್ಗೆ ನಿಮ್ಮ ಅಜ್ಜ, ಮುತ್ತಜ್ಜ ಏನಾದರೂ ಹೇಳುತ್ತಿದ್ದರೆ ನೀವೂ ಬರೆಯಿರಿ, ಓದಲು ಕಾಯುತ್ತಿರುತ್ತೇನೆ.